ನೊರೆಪುಡಿ

ಮಾರ್ಚಿನಲ್ಲಿ ಕಾರ್ಖಾನೆಯವರು ಹಲ್ಲುಜ್ಜುವ ಪೇಸ್ಟಿಗೆ ಸೇರಿಸುವ ನೊರೆಪುಡಿಯನ್ನು ಇಮ್ಮಡಿ ಮಾಡಿದರು. ದಿನಕ್ಕೆ ಏಳು ಸಲ ಹಲ್ಲುಜ್ಜಿ ರುಚಿ, ನೊರೆ ಪರೀಕ್ಷಿಸುವ ಹೆಂಗಸರಿಗೆ ಅದನ್ನು ಹೇಳಲಿಲ್ಲ.

ಆ ಹೆಂಗಸರಲ್ಲಿ ಬೊಂಗ್‌ನಿಮ್ ಒಬ್ಬಳು. ಮಳೆಗಾಲದ ಹೊತ್ತಿಗೆ ಅವಳ ಕೆನ್ನೆಯೊಳಗಿನ ಚರ್ಮ ಹಾಲಿನ ಕೆನೆಯಂತೆ ಸುಲಿದು ಬರತೊಡಗಿತು. ನಾಲಗೆಯ ತುಂಬ ಹುಣ್ಣು.

"ಖಾರ ಕಮ್ಮಿ ಮಾಡ್ರಮ್ಮಾ" ಎಂದರು ಕಾರ್ಖಾನೆಯ ಡಾಕ್ಟರು.

ಹೌದೇನೋ ಅಂದುಕೊಂಡು, ಅತ್ತೆ ಹಾಕುವ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಬೆಂಕಿಯೆಂದು ಅವರಿಗೆ ಹೇಳಿಯೂ ಬಿಟ್ಟಳು. ಮೂರು ಹೊತ್ತೂ ಮೆಣಸಿನಪುಡಿ ತಿನ್ನುವ ಸೀಮೆಯಲ್ಲಿ ಖಾರವನ್ನು ಬೈಯುವುದು ಸುಲಭ. ಬಾಯಿ ತೊಳೆಯುವ ಪೇಸ್ಟನ್ನು ಯಾರು ಅನುಮಾನಿಸುತ್ತಾರೆ?

ನವೆಂಬರಿನಲ್ಲಿ ಚಳಿಗಾಲದ ಕಿಮ್ಚಿ ಹಾಕುವ ದಿನ ಬಂತು. ಅಂಗಳದಲ್ಲಿ ಅರವತ್ತು ಎಲೆಕೋಸು. ಅತ್ತೆ ಕೆಂಪು ಮಸಾಲೆ ಸವರಿದ ಮೊದಲ ಎಲೆಯನ್ನು ಸುರುಳಿ ಸುತ್ತಿ, ಎಂದಿನಂತೆ ಸೊಸೆಯ ಬಾಯಿಗೆ ಹಿಡಿದಳು. ಉಪ್ಪು ಸರಿಯಿದೆಯೆಂದು ಸೊಸೆ ಹೇಳಿದ ಮೇಲೆಯೇ ಜಾಡಿ ತುಂಬುವುದು.

"ಆ ಅನ್ನೇ."

"ಬೇಡ ಅತ್ತೇ, ನಿಮ್ಮ ಕಿಮ್ಚಿ ಬೆಂಕಿ. ಬಾಯಿ ಉರೀತದೆ."

"ಮೂವತ್ತು ವರ್ಷ ಉರೀದೇ ಇದ್ದ ಬಾಯಿ ಈಗ ಉರೀತದೇನೇ? ಮುದುಕಿ ಕೈ ಹೇಸಿಗೆ ಆಯ್ತು ಅನ್ನು."

ಬೊಂಗ್‌ನಿಮ್ ಮುಖ ತಿರುಗಿಸಿದಳು. ಅತ್ತೆ ಎಲೆಯನ್ನು ತಾನೇ ತಿಂದು, ಜಾಡಿ ತುಂಬಿ ಕೈ ತೊಳೆದುಕೊಂಡಳು. ಅದಾದ ಹತ್ತನೆಯ ದಿನ ಬೆಳಿಗ್ಗೆ ಅತ್ತೆ ಹಾಸಿಗೆಯಿಂದ ಏಳಲೇ ಇಲ್ಲ.

ಸಾವಿನ ಮನೆಯಲ್ಲಿ ಪೇಸ್ಟಿನ ನೆನಪು ಯಾರಿಗಿರುತ್ತದೆ? ಒಂದು ವಾರ ಬೊಂಗ್‌ನಿಮ್ ಬರೀ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದಳು. ಹುಣ್ಣು ಮಾಯ್ದವು. ಏಳನೆಯ ದಿನ ಜಾಡಿ ತೆರೆದು ಒಂದೆಲೆ ಬಾಯಿಗಿಟ್ಟಳು. ಉರಿಯಲಿಲ್ಲ. ಉಪ್ಪು ಹದವಾಗಿತ್ತು. ಹೇಳೋಣವೆಂದರೆ ಕೇಳುವವಳಿಲ್ಲ. ಜಾಡಿಯ ಪಕ್ಕದಲ್ಲೇ ಕುಸಿದು, ಎದೆ ಬಡಿದುಕೊಂಡು ಅತ್ತಳು.

ಕೆಲಸಕ್ಕೆ ಮರಳಿದ ದಿನ ಪೇಸ್ಟು ಕಲಸುವ ವಿಭಾಗದ ಮಿರ್ಯಾಂಗ್‌ಗೆ, ಪೇಸ್ಟು ಮುಟ್ಟದ ಒಂದು ವಾರದಲ್ಲಿ ಹುಣ್ಣು ವಾಸಿಯಾದದ್ದನ್ನು ಹೇಳಿದಳು. ಅವಳು ಕಣ್ಣರಳಿಸಿದಳು: "ಅಕ್ಕಾ, ಮಾರ್ಚಿಂದ ನೊರೆಪುಡಿ ಎರಡು ಪಟ್ಟು ಸುರೀತಿದೀವಿ. ನಿಮಗ್ಯಾರೂ ಹೇಳ್ಲಿಲ್ವಾ?"

ಬೊಂಗ್‌ನಿಮ್ ನೇರ ಕಚೇರಿಗೆ ನುಗ್ಗಿದಳು. ಮ್ಯಾನೇಜರ್ ಚೂ ಅವಳ ದೂರು ಕೇಳಿ, ಮೇಜಿನ ಮೇಲೆ ಒಂದು ಕಾಗದ ಸರಿಸಿದ. 'ನನ್ನ ಬಾಯಿಹುಣ್ಣಿಗೆ ಮನೆಯ ಖಾರದ ಊಟವೇ ಕಾರಣ.' ಕೆಳಗೆ, ಸಹಿಯ ಬದಲು ಅವಳ ಹೆಸರಿನ ಮೊಹರು ಒತ್ತಲು ಜಾಗ ಬಿಟ್ಟಿತ್ತು.

"ಮೊಹರು ಒತ್ತಿಬಿಡಿ ಅಮ್ಮಾ. ಪ್ಯಾಕಿಂಗಿಗೆ ಹಾಕ್ತೀನಿ, ಕೂತು ಮಾಡೋ ಕೆಲಸ. ಅತ್ತೆ ಕಿಮ್ಚಿ ಬೆಂಕಿ ಅಂತ ಡಾಕ್ಟರ ಹತ್ರ ನೀವೇ ಅಂದಿದ್ರಲ್ಲ?"

"ಅಂದಿದ್ದೆ. ಅವರ ಮುಖಕ್ಕೂ ಅಂದೆ. ಅದನ್ನೇ ಕೇಳಿಸ್ಕೊಂಡು ಹೋದ್ರು." ಅವಳು ಕಾಗದವನ್ನು ಹಿಂದಕ್ಕೆ ತಳ್ಳಿದಳು. "ಈಗ ಅದರ ಮೇಲೆ ಮೊಹರು ಬೇರೆ ಬೇಕಾ ನಿಮಗೆ? ಒತ್ತಲ್ಲ."