ಪದ್ಮವ್ವ ಬರೆದ ರಿವ್ಯೂ

ಲಖನನ ಬೈಕು ಕಾಲನಿಯ ತಿರುವಿಗೆ ಬರುವಷ್ಟರಲ್ಲೇ ಗಟಾರದಲ್ಲಿ ನೀರು ಹರಿಯುತ್ತಿತ್ತು. ಚಿಕ್ಕೋಡಿಯ ಬೇಸಿಗೆ, ನಳಕ್ಕೆ ನೀರು ಯಾವಾಗ ಬಂದೀತೆಂದು ಮನೆಮನೆಯೂ ಕಿವಿಗೊಟ್ಟು ಕೂರುವ ಕಾಲ. ಅಂಥದ್ದರಲ್ಲಿ ತಿಳಿನೀರು ಗಟಾರಕ್ಕೆ! ಯಾರ ನೀರಿನ ಟಾಕಿ ಒಡೆಯಿತೋ ಎಂದು ತಲೆಯೆತ್ತಿದ. ಒಡೆದಿರಲಿಲ್ಲ. ಕಾಕಾಸಾಹೇಬರ ಮಾಳಿಗೆಯ ಟಾಕಿಯ ಪೈಪನ್ನು ಬೇಕೆಂದೇ ಬಿಚ್ಚಿಬಿಟ್ಟಿದ್ದರು. ಹೋದ ವಾರ ಅವನೇ ಒಳಗಿಳಿದು, ಗೋಡೆ ತಿಕ್ಕಿ, ರಾಡಿ ಬಳಿದು, ತೊಳೆದು ಕೊಟ್ಟ ಟಾಕಿ ಅದು.

ಅಂದು ಇದೇ ಕಾಕಾಸಾಹೇಬರು ನಿಚ್ಚಣಿಕೆ ಹತ್ತಿ ಒಳಗೆ ಇಣುಕಿದ್ದರು. "ಏನ್ ಹೊಳಪಲೇ ತಮ್ಮಾ! ಇದರಾಗ ನಿಂತ ದಾಡಿ ಮಾಡಿಕೋಬಹುದು" ಎಂದು ನಕ್ಕಿದ್ದರು. ಅವರು ಕಾಲನಿಯ ಅಧ್ಯಕ್ಷರು. "ಇಡೀ ಕಾಲನಿ ಟಾಕಿ ನಿನಗ ಕೊಡಸ್ತೇನಿ. ಆದರ ಮಂದಿ ಮೊದಲ ಫೋನಿನ್ಯಾಗ ನೋಡ್ತಾರ. ನಾಕ ಮಂದಿ ಚಲೋ ಬರದಿದ್ದ ಇರಲಿ" ಎಂದಿದ್ದರು. ಆ ಕೆಲಸವೊಂದು ಸಿಕ್ಕರೆ ವರ್ಷವಿಡೀ ಅನ್ನಕ್ಕೆ ದಾರಿಯಾಗುತ್ತಿತ್ತು. ಊರೂರು ಅಲೆಯುವುದು ತಪ್ಪುತ್ತಿತ್ತು.

ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯ ಸುರಜನದೂ ಅದೇ ಮಾತು. ಲಖನನ ಧಂದೆಯನ್ನು ಫೋನಿನ ಮ್ಯಾಪಿಗೆ ಏರಿಸಿಕೊಟ್ಟವನೇ ಅವನು. "ರಿವ್ಯೂ ಇಲ್ಲದ ಧಂದೆ ಅಂದ್ರ ಉಪ್ಪಿಲ್ಲದ ಜುಣಕಲೇ. ಗಿರಾಕಿ ಕಡಿಂದ ಐದೈದ ಚುಕ್ಕಿ ಹಾಕಸು. ಯಾರ ಬರದ್ರೂ ಕೆಳಗ ಉತ್ತರ ಕೊಡು. ಮಾಲಕ ಅದಾನ ಅಂತ ಗೊತ್ತಾಗಬೇಕು."

ಲಖನ ಗಿರಾಕಿಗಳನ್ನು ಕೇಳಿದ. ನಿಪ್ಪಾಣಿಯಲ್ಲಿ ಕೇಳಿದ, ರಾಯಬಾಗದಲ್ಲಿ ಕೇಳಿದ. "ಬರೀತೇವಪಾ, ಅದೇನ್ ದೊಡ್ಡ ಮಾತು" ಎಂದವರು ಯಾರೂ ಬರೆಯಲಿಲ್ಲ. ಕಡೆಗೆ ತನ್ನ ಓಣಿಗೇ ಬಂದ. ಬುದ್ಧವಿಹಾರದ ಪಕ್ಕದ ಸಿಮೆಂಟು ಟಾಕಿಯನ್ನು ಭೀಮ ಜಯಂತಿಗೆ ಮುಂಚೆ ತೊಳೆಯುವವನು ಅವನೇ. ಓಣಿಯವರು ಬರೆದರೆ ಸುಳ್ಳೇನೂ ಆಗುತ್ತಿರಲಿಲ್ಲ.

ಓಣಿ ಎದ್ದು ನಿಂತಿತು! ಅತ್ತೆ, ಕಾಕಾ, ಅಂಗನವಾಡಿಯ ಕಾಜಲ, ಎಲ್ಲರೂ ಫೋನು ಹಿಡಿದರು. ಬೇರೆಯವರು ಕಾಗದದ ನೆತ್ತಿಗೆ 'ಶ್ರೀ' ಬರೆಯುವ ಹಾಗೆ, ಆ ಓಣಿಯಲ್ಲಿ ಏನು ಬರೆದರೂ ಕಡೆಗೆ 'ಜೈ ಭೀಮ' ಬರೆಯುತ್ತಾರೆ. ಮದುವೆಯ ಪತ್ರಿಕೆಗೂ ಅದೇ, ಸಾವಿನ ಸುದ್ದಿಗೂ ಅದೇ. ರಿವ್ಯೂಗೂ ಅದನ್ನೇ ಬರೆದರು. ಹೆಸರು, ಅಡ್ಡಹೆಸರು, ನೀಲಿ ಬಾವುಟದ ಫೋಟೋ, ಎಲ್ಲ ಸಮೇತ. ಯಾರಿಗೂ ಏನೂ ಅನ್ನಿಸಲಿಲ್ಲ. ಲಖನನಿಗೂ.

ಅವನ ತಾಯಿ ಪದ್ಮವ್ವ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವಳು. ಮಧ್ಯಾಹ್ನವೆಲ್ಲ ಕೂತು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದಳು: "ನನ್ನ ಮಗ ಟಾಕಿ ತೊಳದರ ನೀರಾಗ ಮಾರಿ ಕಾಣತೈತಿ. ಇವರ ಅಪ್ಪ ಸತ್ತೆಪ್ಪ ಊರ ಬಾವಿ ಕಟ್ಟಿ ಏರಲಿಲ್ಲ. ಮಗ ನೀರಾಗ ಇಳದಾನ. ಜೈ ಭೀಮ. ಪದ್ಮವ್ವ ಸತ್ತೆಪ್ಪ ಕಾಂಬಳೆ."

ಉಳಿದವರಿಗೆಲ್ಲ ಲಖನ 'ಧನ್ಯವಾದಗಳು' ಎಂದು ಉತ್ತರಿಸಿದ್ದ. ಹೆತ್ತವಳಿಗೆ ಧನ್ಯವಾದ ಹೇಳುವುದು ಹೇಗೆಂದು ತಿಳಿಯದೆ ಅದೊಂದನ್ನು ಹಾಗೇ ಬಿಟ್ಟಿದ್ದ.

ಈಗ ಕಾಕಾಸಾಹೇಬರು ಗೇಟಿನ ಒಳಗೇ ನಿಂತರು. ಗೇಟು ತೆರೆಯಲಿಲ್ಲ.

"ಕಾಕಾ, ನೀರ್ಯಾಕ ಬಿಟ್ಟೀರಿ? ಏನರ ಬಿದ್ದಿತ್ತೇನ್ರಿ?"

"ನಿನ್ನ ಕೆಲಸಕ್ಕ ಹೆಸರಿಡಾಕ ಬರೂದಿಲ್ಲ ತಮ್ಮಾ. ನನಗೇನಿಲ್ಲ. ಮನ್ಯಾಗ ಹೆಣಮಕ್ಕಳು ಅಡಗಿ ಮಾಡಾಕ ವಲ್ಲೆ ಅಂದ್ರು. ನೀ ಮೊದಲ ಹೇಳಬೇಕಿತ್ತು."

"ಏನ್ ಹೇಳಬೇಕಿತ್ರಿ?"

ಅವರು ಗಟಾರದ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ಅಂದರು, "ಆ ಫೋನಿನ್ಯಾಗ ಬರದದ್ದೆಲ್ಲಾ ತಗದಬಿಡು. ಬರೇ ಲಖನ ಅಂತ ಇರಲಿ. ಮಂದಿ ಮರೀತಾರ. ನಾನ ನಿಂತ ಕೆಲಸ ಕೊಡಸ್ತೇನಿ."

ಎಂಥ ದೊಡ್ಡ ಮನಸ್ಸು! ಟಾಕಿಯ ರಾಡಿಯಲ್ಲಿ ಮೊಣಕಾಲೂರುವಾಗ ಯಾರೂ ಕುಲ ಕೇಳಿರಲಿಲ್ಲ. ರಾಡಿ ಎತ್ತಿದ ಕೈ ನಡೆಯುತ್ತದೆ. ಆ ಕೈಗೊಂದು ಮನೆತನವಿದೆ, ತಾಯಿಯಿದ್ದಾಳೆ ಎಂದು ತಿಳಿದರೆ ತುಂಬಿದ ಟಾಕಿಯೇ ಗಟಾರದ ಪಾಲು.

ಲಖನ ಬೈಕು ತಿರುಗಿಸಿ ಮನೆಗೆ ಬಂದ. ಪದ್ಮವ್ವ ಜೋಳ ಹಸನು ಮಾಡುತ್ತಿದ್ದಳು.

"ಕಾಲನಿ ಕೆಲಸ ಆತೇನಪಾ?"

"ಯವ್ವಾ, ನೀ ಬರದಿದ್ದೆಲ್ಲಾ, ಅದನ್ನ..."

"ತಪ್ಪ ಬರದೆನೇನ?"

"ತಪ್ಪಲ್ಲ ಬೇ."

ಅವಳು ಮಗನ ಮುಖ ನೋಡಿದಳು. ಮೊರ ಅಲುಗುವುದು ನಿಂತಿತು. ಎಷ್ಟೋ ಮನೆಗಳ ಹಿತ್ತಿಲಲ್ಲಿ, ಮೇಲಿಂದ ಸುರಿದ ನೀರಿಗೆ ಬೊಗಸೆಯೊಡ್ಡಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವುದನ್ನ ತಗೀಬೇಕಂತ? ಜೈ ಭೀಮ ತಗೀಬೇಕೊ, ನಿಮ್ಮಪ್ಪನ್ನ ತಗೀಬೇಕೊ?"



ಪದ್ಮವ್ವ ತನ್ನ ಫೋನನ್ನು ಸೆರಗಿನಿಂದ ಒರೆಸಿ ಮಗನ ಮುಂದಿಟ್ಟಳು. "ನನಗ ಬರ್ಯಾಕ ಕಲಿಸ್ಯಾರಪಾ. ಅಳಸಾಕ ಯಾರೂ ಕಲಿಸಿಲ್ಲ. ನಿನ್ನ ಹೊಟ್ಟಿ ಪ್ರಶ್ನೆ ಐತಿ, ನೀನ ಅಳಸು. ನಾ ಸಿಟ್ಟಾಗೂದಿಲ್ಲ." ಮೊರ ಎತ್ತಿಕೊಂಡು ಒಳಗೆ ಹೋದಳು.

ಸಿಟ್ಟಾಗುವುದಿಲ್ಲ ಎಂದದ್ದೇ ಅವನನ್ನು ಕೊಂದಿತು.

ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಬಹಳ ಹೊತ್ತು ಆಡಿತು. ಟಾಕಿ ತೊಳೆಯುವ ಮಷೀನು ಬಾಗಿಲಲ್ಲೇ ಇತ್ತು, ಪೈಪು ಸುತ್ತಿಕೊಂಡು. ಕಾಲನಿಯ ಮಾಳಿಗೆಗಳ ಕರಿಯ ಟಾಕಿಗಳು ಸಾಲಾಗಿ ಕಣ್ಣ ಮುಂದೆ ಬಂದವು. ಹಿಂದೆಯೇ ಅಪ್ಪ ಬಂದ. ಬಾವಿಯಿಂದ ದೂರ, ಬಿಸಿಲಲ್ಲಿ, ಖಾಲಿ ಕೊಡದೊಂದಿಗೆ.

ಲಖನ ತಾಯಿಯ ಫೋನು ಕೆಳಗಿಟ್ಟು ತನ್ನದನ್ನು ತೆಗೆದ. ಅವಳ ರಿವ್ಯೂದ ಕೆಳಗೆ, ಖಾಲಿ ಉಳಿದಿದ್ದ ಮಾಲಕನ ಜಾಗದಲ್ಲಿ ಬರೆದ: "ಜೈ ಭೀಮ, ಯವ್ವಾ. ಲಖನ ಸತ್ತೆಪ್ಪ ಕಾಂಬಳೆ."

ಕಾಕಾಸಾಹೇಬರು ಫೋನು ಮಾಡಲಿಲ್ಲ. ಕಾಲನಿಯ ಕೆಲಸ ಬೇರೆಯವರಿಗೆ ಹೋಯಿತು. ನಿಪ್ಪಾಣಿಯವರು "ಮುಂದ ನೋಡೋಣು" ಎಂದರು. ರಾಯಬಾಗದವರು ಫೋನು ಎತ್ತಲೇ ಇಲ್ಲ. ಮಷೀನಿನ ಪೈಪು ಬಿಸಿಲಿಗೆ ಒಣಗಿ ಸಣ್ಣಗೆ ಬಿರಿಯಿತು.

ಪದ್ಮವ್ವ ಹೊತ್ತು ಸಿಕ್ಕಾಗಲೆಲ್ಲ ಆ ಉತ್ತರದ ಮೇಲೆ ಬೆರಳಾಡಿಸಿ ಓದುತ್ತಾಳೆ. ಓದಿ ಮುಗಿಸಿ ಕೇಳುತ್ತಾಳೆ, "ಇವತ್ತರ ಯಾರರ ಕರದ್ರೇನಪಾ?"

"ಕರೀತಾರ ಬೇ."

ಸುಳ್ಳೆಂದು ಅವಳಿಗೂ ಗೊತ್ತು. ಆದರೂ ಮಗನ ಫೋನನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ, ರಿಂಗಾದರೆ ದನಿ ಕೇಳುವ ಹಾಗೆ, ಅವನ ಹತ್ತಿರವೇ ಇಡುತ್ತಾಳೆ.