ಯೆಣೆಗೂರಿನ ಹೊಲದಲ್ಲಿ ಒಂದು ಹಿಡಿ ಭಂಡಾರ

೧

ಎಲ್ಲಿಂದ ಶುರು ಮಾಡಲಿ? ಕುರಿಗಾರರ ಕಥೆಗೆ ಇದೇ ಮೊದಲ ತೊಡಕು. ಊರಿನ ಹೆಸರು ಹೇಳಿ ಶುರು ಮಾಡೋಣವೆಂದರೆ, ವಾಕ್ಯ ಮುಗಿಯುವಷ್ಟರಲ್ಲಿ ಅವರು ಆ ಊರು ಬಿಟ್ಟಿರುತ್ತಾರೆ.

"ಯೆಣೆಗೂರಿನಲ್ಲಿ ಮಲಕಮ್ಮ ಎಂಬ ಹೆಂಗಸಿದ್ದಳು" ಎಂದು ಮೊದಲ ಡ್ರಾಫ್ಟಿನಲ್ಲಿ ಬರೆದೆ. ಸುಳ್ಳು. ಯೆಣೆಗೂರಿನಲ್ಲಿ ಅವಳು ಇರುತ್ತಿದ್ದದ್ದು ವರ್ಷಕ್ಕೆ ಹನ್ನೊಂದು ದಿನ. ಹೊಡೆದುಹಾಕಿದೆ. "ಮಾಕಣಿಯ ಮಲಕಮ್ಮ" ಎಂದು ಎರಡನೆಯದು. ಮಾಕಣಿಯಲ್ಲಿ ಅವಳಿಗೊಂದು ಗುಡಿಸಲಿತ್ತು, ನಿಜ. ಆದರೆ ಮಳೆಗಾಲ ಕಳೆದ ಮೇಲೆ ಅದರಲ್ಲಿ ಇಲಿಗಳು ಸಂಸಾರ ಮಾಡುತ್ತಿದ್ದವು. ಕೊನೆಗೆ ಅವಳನ್ನೇ ಕೇಳಿದೆ: ನಿನ್ನ ಊರು ಯಾವುದು ತಾಯಿ?

"ಯಾವ ತಿಂಗಳಿಂದು ಕೇಳ್ಲತ್ತೀರಿ, ಮುನಶಿ?" ಅಂದಳು.

(ಕಾಗದದ ಮೇಲೆ ಬರೆಯುವವರೆಲ್ಲ ಅವಳಿಗೆ ಮುನಶಿಗಳೇ. ನಾನು ತಿದ್ದಲು ಹೋಗಲಿಲ್ಲ.)

ಇರಲಿ. ತಿಂಗಳು ಚೈತ್ರ. ಫಸಲಿ ಸಾವಿರದ ಮುನ್ನೂರ ಮೂವತ್ತು, ಇಂಗ್ರೇಜಿ ಲೆಕ್ಕದಲ್ಲಿ ೧೯೨೧. ನಿಜಾಮರ ಮುಲುಕು. ಆದ್ದರಿಂದ ಊರು ಯೆಣೆಗೂರು.

೨

ಹಿಂಗಾರಿ ಜೋಳ ಕೊಯ್ದಾದ ಮೇಲೆ ಮಲಕಮ್ಮನ ಮಾವ ನಾಗಣ್ಣ ಮಾಕಣಿಯಿಂದ ಹಿಂಡು ಎಬ್ಬಿಸುತ್ತಿದ್ದ. ಮೊದಲು ಯೆಣೆಗೂರು, ಆಮೇಲೆ ಕಾಸಾರಶಿರಸಿ, ನಿಲಂಗಾ, ಜ್ಯೇಷ್ಠಕ್ಕೆ ಉದಗೀರ ಸೀಮೆ. ಮಳೆ ಹಿಡಿದ ಮೇಲೆ ಬೇರೆ ಹಾದಿಯಲ್ಲಿ ಮಾಕಣಿಗೆ ವಾಪಸು. ಹೋದಲ್ಲೆಲ್ಲ ಬೋಳು ಹೊಲದಲ್ಲಿ ರಾತ್ರಿ ಕುರಿ ತರುಬಿ ಕೂರಿಸಬೇಕು. ಕುರಿ ಕೂತ ನೆಲಕ್ಕೆ ಹಿಕ್ಕಿ ಗಂಜಲ ಬಿದ್ದು ಗೊಬ್ಬರವಾಗುತ್ತದೆ, ಹೊಲದವರು ಜೋಳ ಕೊಡುತ್ತಾರೆ. ಯೆಣೆಗೂರಿನಲ್ಲಿ ಅದು ಕಲ್ಯಾಣಪ್ಪನ ಎರೆಹೊಲ.

ಅಲ್ಲೊಂದು ಪದ್ಧತಿ. ಹಿಂಡು ಏಳುವ ಮುಂಜಾನೆ, ಹಿಂಡಿನ ಹೆಂಗಸು ತನ್ನ ಸೊಂಟದ ಚೀಲದಿಂದ ಬೀರಪ್ಪನ ಭಂಡಾರ, ಅಂದರೆ ಅರಿಶಿನದ ಪುಡಿ, ಒಂದು ಹಿಡಿ ತೆಗೆದು ಹೊಲದ ಮನೆಯ ಹೆಂಗಸಿನ ಅಂಗೈಗೆ ಹಾಕಬೇಕು. ಹಾಕಿದರೆ ಬರುವ ವರ್ಷ ಈ ಹೊಲಕ್ಕೇ ಬರುತ್ತೇವೆಂದು ಆಣೆ. ಹಾಕದಿದ್ದರೆ ಇವರೂ ಬಿಡುಗಡೆ, ಅವರೂ ಬಿಡುಗಡೆ. ಚೀಲದಿಂದ ತೆಗೆದದ್ದನ್ನು ಮತ್ತೆ ಚೀಲಕ್ಕೆ ಸುರಿಯುವ ಹಾಗಿಲ್ಲ, ನೆಲಕ್ಕೂ ಚೆಲ್ಲುವ ಹಾಗಿಲ್ಲ.

ಹದಿನಾಲ್ಕು ವರ್ಷ ಮಲಕಮ್ಮ ಯೋಚನೆ ಮಾಡದೆ ಹಾಕಿದ್ದಳು. ಈ ಸಲ ಹಾಕುತ್ತಾಳೋ ಇಲ್ಲವೋ ಎಂಬುದೇ ಈ ಕಥೆ. (ಮುಚ್ಚಿಟ್ಟು ಕೊನೆಗೆ ಹೇಳುವ ಜಾಣತನ ನನಗೂ ಗೊತ್ತು. ಈ ಹೆಂಗಸರ ಮುಂದೆ ಅದು ನಡೆಯುವುದಿಲ್ಲ.)

೩

ಆ ಅಂಗೈ ಪ್ರಯಾಗಬಾಯಿಯದು, ಕಲ್ಯಾಣಪ್ಪನ ಹೆಂಡತಿ. ಕಾಸಾರಶಿರಸಿಯಿಂದ ಬಂಡಿ ಏರಿ ಮದುವೆಯಾಗಿ ಬಂದವಳು. ಇಳಿದ ಮೇಲೆ ಎಲ್ಲಿಗೂ ಹೋಗಲಿಲ್ಲ. ಅವಳ ತಂಗಿ ಮುಕ್ತಾಬಾಯಿಯನ್ನು ಉದಗೀರದ ಆಚೆ ಒಂದು ಹಳ್ಳಿಗೆ ಕೊಟ್ಟಿತ್ತು. ಅಪ್ಪ ಅವ್ವ ತೀರಿದರು, ಅಣ್ಣತಮ್ಮಂದಿರಿಲ್ಲ, ತವರಿನ ಬಾಗಿಲು ಮುಚ್ಚಿತು. ಅಕ್ಕತಂಗಿ ಮುಖ ನೋಡಿ ಹದಿನಾಲ್ಕು ವರ್ಷ. ಅವರ ನಡುವೆ ಇದ್ದದ್ದು ಮಲಕಮ್ಮನ ಎರಡು ಕಾಲು.

ಚೈತ್ರದಲ್ಲಿ ಅಕ್ಕ ಒಂದು ಕುಪ್ಪಸದ ಖಣ ಮತ್ತು ನಾಲ್ಕು ಮಾತು ಕೊಟ್ಟರೆ ಅವು ಜ್ಯೇಷ್ಠಕ್ಕೆ ತಂಗಿಯನ್ನು ಮುಟ್ಟುತ್ತಿದ್ದವು. ತಂಗಿಯ ಉತ್ತರವೂ, ಅವಳ ಹಿತ್ತಲ ಮರದ ಹುಣಸೆಹಣ್ಣಿನ ಒಂದು ಉಂಡೆಯೂ ಬರುವ ಚೈತ್ರಕ್ಕೆ ಯೆಣೆಗೂರು ಸೇರುತ್ತಿದ್ದವು. ನೆಗಡಿ ಹೇಗಿದೆ ಎಂದು ಕೇಳಿದರೆ, ವಾಸಿಯಾಯಿತೆಂಬ ಸುದ್ದಿ ಬರುವ ಹೊತ್ತಿಗೆ ಇನ್ನೊಂದು ನೆಗಡಿ ಹಿಡಿದಿರುತ್ತಿತ್ತು. ಆದರೂ ಇಬ್ಬರೂ ಒಂದು ಸಲವೂ ಕೇಳದೆ ಬಿಡಲಿಲ್ಲ.

೪

ಈಗ ಮೂರು ವರ್ಷದ ಹಿಂದಿನ ಜ್ವರದ ವರ್ಷ. ಊರೂರೇ ಮಲಗಿದ ಆ ವರ್ಷವನ್ನು ವರ್ಣಿಸಿ ಎರಡು ಪುಟ ಬರೆದಿದ್ದೆ, ಹರಿದೆ. ಬೇಕಾದದ್ದು ಇಷ್ಟೇ. ಯೆಣೆಗೂರಿನಲ್ಲಿ ಪ್ರಯಾಗಬಾಯಿಯ ಒಬ್ಬನೇ ಮಗ ವೀರಭದ್ರ ಹೋದ. ಬೇಸಿಗೆಗೆ ಹಿಂಡು ಬಂದಾಗ ಅವಳು ಖಣ ಕೊಟ್ಟು ಹೇಳಿದಳು: "ವೀರಭದ್ರ ಇಲ್ಲ ಅಂತ ಮುಕ್ತಾಗ ಹೇಳು, ಮಲಕವ್ವ. ನನ್ನ ಪಾಲಿಗಿ ಇನ್ನ ಆಕಿ ಒಬ್ಬಾಕಿ ಅದಾಳ."

ಮಲಕಮ್ಮ ಆ ಮಾತನ್ನು ಎರಡು ತಿಂಗಳು ಹೊತ್ತು ನಡೆದಳು. ಉದಗೀರದ ಆಚೆಯ ಆ ಮನೆಗೆ ಬೀಗವಿತ್ತು. ಅದೇ ಜ್ವರದಲ್ಲಿ ಒಂಬತ್ತು ದಿನಕ್ಕೆ ನಾಲ್ಕು ಜನ, ಅವರಲ್ಲಿ ಮುಕ್ತಾಬಾಯಿ ಎರಡನೆಯವಳು. ಉಳಿದವರು ಹೈದರಾಬಾದಿಗೆ ಹೋದರಂತೆ. (ಅಕ್ಕನಿಗೆ ಸಾವಿನ ಸುದ್ದಿ ಬರಲಿಲ್ಲವೇ ಎಂದು ಕೇಳುತ್ತೀರಿ. ತರುವವರು ಯಾರು? ಸುದ್ದಿ ತರುತ್ತಿದ್ದವಳು ಇವಳೊಬ್ಬಳೇ.)

ಮುಕ್ತಾಬಾಯಿಯನ್ನು ಹೂತ ಜಾಗವನ್ನು ಊರವರು ತೋರಿಸಿದರು. ಮಲಕಮ್ಮ ಅಲ್ಲಿ ಕೂತು, ಹೇಳಬೇಕಾದದ್ದನ್ನು ಹೇಳಿದಳು. ವೀರಭದ್ರ ಹೋದದ್ದು, ಕಲ್ಯಾಣಪ್ಪನಿಗೆ ಊಟ ಸೇರದ್ದು, ಎಲ್ಲ. ಖಣವನ್ನು ಮಣ್ಣಿನ ಮೇಲಿಟ್ಟು ಕಲ್ಲು ಹೇರಿದಳು. ಹಿತ್ತಲಿಗೆ ಹೋಗಿ ಉದುರಿದ ಹುಣಸೆಹಣ್ಣು ಆರಿಸಿಕೊಂಡಳು.

ಇಲ್ಲಿ ನನಗೂ ಅವಳಿಗೂ ಜಗಳವಾಯಿತು. ಮೊದಲು ನಾನು ಖಣವನ್ನು ಅವಳೇ ಇಟ್ಟುಕೊಂಡಳೆಂದು ಬರೆದಿದ್ದೆ. ಬಡ ಹೆಂಗಸು, ಮಾನವ ಸಹಜ ದೌರ್ಬಲ್ಯ, ಪಾತ್ರಕ್ಕೊಂದು ಬಿರುಕು ಇದ್ದರೆ ಚೆಂದ, ಇತ್ಯಾದಿ.

"ಮಂದಿ ಹೆಸರಿನ ಖಣ ನಾ ಯಾಕ ತೊಡ್ಲಿ? ಕೊಟ್ಟ ಸಾಮಾನು ಮುಟ್ಟಿಸೂದು ನನ್ನ ಕೆಲಸ. ತಗೊಂಬೋರು ಮಣ್ಣಿನ ಮ್ಯಾಲ ಅದಾರೋ ಕೆಳಗ ಅದಾರೋ, ಅದು ಅವರ ಕೆಲಸ" ಅಂದಳು.

ನಾಚಿಕೆಯಾಯಿತು. ತಿದ್ದಿದೆ.

ಮರುವರ್ಷ ಚೈತ್ರ. ಸತ್ಯ ಹೇಳಬೇಕೆಂದೇ ಅವಳು ಯೆಣೆಗೂರಿಗೆ ಬಂದಳು. ಪ್ರಯಾಗಬಾಯಿ ಬಾಗಿಲಲ್ಲೇ ಕೈ ಹಿಡಿದು ಕೇಳಿದಳು: "ವೀರಭದ್ರನ ಸುದ್ದಿ ಕೇಳಿ ಮುಕ್ತಾ ಏನಂದ್ಳು?"

"ಅತ್ಲು ಯಕ್ಕಾ," ಅಂದಳು ಮಲಕಮ್ಮ. "ಭಾಳ ಅತ್ಲು."

ಆ ಮಣ್ಣಿನ ಮುಂದೆ ಅತ್ತವಳು ತಾನೇ. ಆ ಅಳುವನ್ನು ಮುಕ್ತಾಬಾಯಿಯ ಹೆಸರಿಗೆ ಬರೆದುಕೊಟ್ಟಳು. ಮೊದಲ ಸುಳ್ಳು ಅದು. ಆಮೇಲಿನವು ಸುಲಭವಾಗಿ ಬಂದವು: ಮುಕ್ತಾಬಾಯಿಯ ಎಮ್ಮೆ ಈದಿದೆ, ಅವಳಿಗೆ ಮೊಣಕಾಲು ನೋವು, ಅವಳ ಮಗಳು ದೊಡ್ಡವ್ವನ ಹಾಗೇ ಕಾಣುತ್ತಾಳೆ. ಹಿಂದಿನ ಜ್ಯೇಷ್ಠದಲ್ಲಿ ಮತ್ತೊಂದು ಖಣ ಮಣ್ಣಿಗೆ ಮುಟ್ಟಿತು, ಈ ಚೈತ್ರದಲ್ಲಿ ಮತ್ತೊಂದು ಉಂಡೆ ಹುಣಸೆಹಣ್ಣು ಯೆಣೆಗೂರಿಗೆ ಬಂತು.

(ನಾನೂ ಇದೇ ಕಸುಬಿನವನು. ಆದರೆ ನನ್ನ ಸುಳ್ಳಿಗೆ ನನ್ನ ಕಾಲಲ್ಲಿ ಒಮ್ಮೆಯೂ ಬೊಬ್ಬೆ ಎದ್ದಿಲ್ಲ.)

೫

ಇಷ್ಟಕ್ಕೇ ಆಗಿದ್ದರೆ ಇನ್ನೂ ಇಪ್ಪತ್ತು ವರ್ಷ ನಡೆಯುತ್ತಿತ್ತು. ಆದರೆ ಮಲಕಮ್ಮನ ಗಂಡ ಅಮೋಘಸಿದ್ಧ ಹೋದ ವರ್ಷ ಸೊಲ್ಲಾಪುರದ ಬಟ್ಟೆ ಗಿರಣಿ ಸೇರಿದ್ದ. ಈ ವಾರ ಉಮರ್ಗಾದ ಬಂಡಿಕಾರ ಸೂರ್ಯಕಾಂತನ ಕೈಯಲ್ಲಿ ಹೇಳಿಕಳಿಸಿದ: ಗಿರಣಿಯವರ ಚಾಳಿನಲ್ಲಿ ಇರಲಿಕ್ಕೆ ಒಂದು ಖೋಲಿ ಸಿಕ್ಕಿದೆ, ಬಾ. ಸೂರ್ಯಕಾಂತ ಶೇಂಗಾ ಹೇರಿಕೊಂಡು ಸೊಲ್ಲಾಪುರಕ್ಕೆ ಹೊರಟವನು, ಹಿಂಡು ಏಳುವ ದಿನವೇ ಅವನ ಬಂಡಿಯೂ ಹೊರಡುವುದು.

ನಾಗಣ್ಣ ಸೊಸೆಗೆ ಒತ್ತಾಯ ಮಾಡಲಿಲ್ಲ. "ನೀ ಹೋದ್ರ ನಾ ಒಬ್ಬವ ತಿರುಗಲಾರೆ. ಉದಗೀರ ಸಂತ್ಯಾಗ ಹಿಂಡು ಮಾರ್ತೀನಿ. ಹೋಗಬ್ಯಾಡ ಅಂತ ಅನ್ನೂದಿಲ್ಲ," ಎಂದು ಕೋಲು ಕೆರೆಯುತ್ತ ಕೂತ.

ಅವಳು ಹೋದರೆ ಕಲ್ಯಾಣಪ್ಪನ ಹೊಲಕ್ಕೆ ಇನ್ನೊಂದು ಹಿಂಡು ಸಿಕ್ಕೀತು. ಆದರೆ ಸುದ್ದಿ ನಿಂತರೆ ಪ್ರಯಾಗಬಾಯಿಯ ತಂಗಿ ಇನ್ನೊಂದು ಸಲ ಸಾಯುತ್ತಾಳೆ, ಈ ಸಲ ಸದ್ದಿಲ್ಲದೆ. ಹೋಗದಿದ್ದರೆ ಅಮೋಘಸಿದ್ಧ?

ಕಥೆಯಲ್ಲಿ ಅವನ ಬಾಯಿಗೆ ನಾನು ಒಂದು ಮಾತೂ ಹಾಕಿರಲಿಲ್ಲ. ಅವನೇ ಕೇಳಿದ: "ನಂದೂ ಬರ್ಕೋರಿ. ಗಿರಣಿ ಸಪ್ಪಳಕ್ಕ ಕಿವಿ ಮಂದ ಆಗ್ಯಾವ. ಇಲ್ಲಿ ಯಾರಿಗೂ ನನ್ನ ಸಂಗಟ ಚೀರಿ ಮಾತಾಡ್ಲಕ್ಕ ಪುರಸೊತ್ತಿಲ್ಲ. ಆಕಿಗಿ ಚೀರೂದು ಬೇಕಿಲ್ಲ. ಹಿಂಡಿನ ಆಚೀ ಕಡಿ ಒಬ್ರು ಈಚೀ ಕಡಿ ಒಬ್ರು ನಿಂತು ಕೈ ಎತ್ತೇ ಮಾತಾಡ್ತಿದ್ವಿ."

ಅವನು ಹೇಳಿದ ಹಾಗೇ ಬರೆದುಕೊಂಡಿದ್ದೇನೆ.

೬

ಎಂಡಿಂಗ್ ಒಂದು. ಮಲಕಮ್ಮ ಸತ್ಯ ಹೇಳುತ್ತಾಳೆ. ಪ್ರಯಾಗಬಾಯಿ ಕುಸಿಯುತ್ತಾಳೆ. ಇದನ್ನು ಮನಸ್ಸಿಟ್ಟು ಬರೆದೆ, ಓದಿ ನನಗೇ ಕಣ್ಣು ಒದ್ದೆಯಾಯಿತು. ಮಲಕಮ್ಮ ಒಪ್ಪಲಿಲ್ಲ. "ಆಕಿ ಅಳೂದು ನೋಡಬೇಕಾಗ್ಯಾದ ನಿಮಗ. ವೀರಭದ್ರ ಹೋದಾಗ ನಾ ನೋಡೀನಿ. ಒಮ್ಮಿ ಸಾಕ್ರೀ."

ಎಂಡಿಂಗ್ ಎರಡು. ಪ್ರಯಾಗಬಾಯಿಗೆ ಎಲ್ಲ ಮೊದಲೇ ಗೊತ್ತಿತ್ತು. ಮುಕ್ತಾಬಾಯಿ ಬೀಜ ತೆಗೆಯದೆ ಹುಣಸೆಹಣ್ಣು ಕಳಿಸಿದವಳೇ ಅಲ್ಲ. ಈ ಎರಡು ವರ್ಷದ ಉಂಡೆಗಳಲ್ಲಿ ಬೀಜವೇ ಬೀಜ. ಕತೆಗಾರರಿಗೆ ಇಂಥ ಸುಳಿವು ಸಿಕ್ಕರೆ ಹಬ್ಬ. ಆದರೆ ಪ್ರಯಾಗಬಾಯಿ ಮೊನ್ನೆ ಬೀಜ ಬಿಡಿಸುತ್ತ ಅಂದದ್ದು ಇಷ್ಟೇ: "ಮುಕ್ತಾಗ ಕಣ್ಣು ಮಂಜಾಗಿರ್ಬೇಕು." ಗೊತ್ತಿದ್ದವರೂ ಹಾಗೆ ಅನ್ನಬಹುದು, ಗೊತ್ತಿಲ್ಲದವರೂ ಅನ್ನಬಹುದು. ಇದನ್ನೂ ಬಿಟ್ಟೆ.

ಇನ್ನು ನಾನು ಬರೆಯದೆ ಆದದ್ದು.

ಮುಂಜಾನೆ. ನಾಗಣ್ಣ ಹಿಂಡನ್ನು ಎಬ್ಬಿಸಿ ಮೂಡಲಕ್ಕೆ ತಿರುಗಿಸಿದ್ದ. ರಸ್ತೆಯ ಮೇಲೆ ಸೂರ್ಯಕಾಂತನ ಬಂಡಿ ಪಡುವಲಕ್ಕೆ ಮುಖ ಮಾಡಿ ನಿಂತಿತ್ತು. ಮಲಕಮ್ಮ ಕಲ್ಯಾಣಪ್ಪನ ಮನೆಯ ಅಂಗಳಕ್ಕೆ ಬಂದಳು. ಸೊಂಟದ ಚೀಲಕ್ಕೆ ಕೈ ಹಾಕಿದಳು, ತುಂಬಿದ ಮುಷ್ಟಿ ಹೊರಗೆ ಬಂತು. ಅವಳು ನಿರ್ಧಾರ ಮಾಡಿದ್ದಳು. ಗಂಡ ತನ್ನ ಕಿವುಡಿನಲ್ಲಿ ಕಾಯಲಿ, ಮುಂದಿನ ಚೈತ್ರಕ್ಕೆ ತಾನು ಇಲ್ಲಿಗೇ ಬರುವವಳು.

"ಹಿಡೀರಿ ಯಕ್ಕಾ."

ಪ್ರಯಾಗಬಾಯಿ ಅಂಗೈ ಒಡ್ಡಲಿಲ್ಲ. ಬೆರಳು ಮಡಚಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಈ ವರ್ಷ ಬ್ಯಾಡ, ಮಲಕವ್ವ. ಗಂಡ ಕರದಾನಂತ. ಹೋಗು."

"ಯಕ್ಕಾ, ಮುಕ್ತಾಬಾಯೋರಿಗಿ..."

"ಮುಕ್ತಾ ಎಲ್ಲಿ ಹೋಗ್ತಾಳ? ಎಲ್ಲಿ ಅದಾಳೋ ಅಲ್ಲೇ ಇರ್ತಾಳ." ಬಗಲಿನ ಖಣ ತೆಗೆದು ಮಲಕಮ್ಮನ ಹೆಗಲ ಮೇಲಿಟ್ಟಳು. "ಇದು ಆಕಿದಲ್ಲ, ನಿಂದು. ಹೊಲಿಸ್ಕೊಂಡು ತೊಡು."

ತಿರುಗಿ ಒಳಗೆ ಹೋದಳು. ಬಾಗಿಲು ಮಾತ್ರ ತೆರೆದೇ ಇತ್ತು.

೭

ಅವಳಿಗೆ ಗೊತ್ತಿತ್ತೋ ಇಲ್ಲವೋ? ಆ ತೆರೆದ ಬಾಗಿಲಲ್ಲಿ ನಿಂತು ನಾನೂ ಕೇಳಿದೆ. ಪ್ರಯಾಗಬಾಯಿ ಹುಣಸೆಬೀಜ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಎತ್ತುವಂತೆ ನಾನು ಬರೆಯಬಹುದಿತ್ತು. ಕೈ ಬರಲಿಲ್ಲ.

ಮಲಕಮ್ಮ ರಸ್ತೆಯ ಮೇಲೆ ನಿಂತಿದ್ದಾಳೆ. ಬಲಗೈ ಮುಷ್ಟಿಯಲ್ಲಿ ಭಂಡಾರ. ಚೀಲಕ್ಕೆ ಹಾಕುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ, ಇಸಿದುಕೊಳ್ಳುವವರಿಲ್ಲ. ಬೆರಳ ಸಂದಿಯಲ್ಲಿ ಬೆವರಿಗೆ ಹಳದಿ ಇಳಿಯುತ್ತಿದೆ. ಮೂಡಲಕ್ಕೆ ಮಾವ ನಿಂತು ನೋಡುತ್ತಿದ್ದಾನೆ, ಪಡುವಲಕ್ಕೆ ಸೂರ್ಯಕಾಂತ ಎತ್ತಿನ ಬೆನ್ನು ತಟ್ಟುತ್ತಿದ್ದಾನೆ.

ನೀವು ಪುಟ ತಿರುಗಿಸಲು ಕಾಯುತ್ತಿದ್ದೀರಿ, ಗೊತ್ತು. ನಾನೂ ಮೂರು ಸಲ ಅವಳನ್ನು ಬಂಡಿ ಹತ್ತಿಸಿದೆ, ಎರಡು ಸಲ ಕುರಿಯ ಹಿಂದೆ ನಡೆಸಿದೆ. ಪ್ರತಿ ಸಲವೂ ನಾಲ್ಕು ಹೆಜ್ಜೆ ಹೋದವಳು ತಿರುಗಿ ಇದೇ ಜಾಗಕ್ಕೆ ಬಂದು ನಿಲ್ಲುತ್ತಾಳೆ. ಅವಳು ಕೇಳುವುದು ಎಲ್ಲಿಗೆ ಹೋಗಲಿ ಎಂದಲ್ಲ.

"ಅಕ್ಕ ಕೈ ಮುಚ್ಚಿದ್ಳು," ಅನ್ನುತ್ತಾಳೆ. "ಇದನ್ನ ಮುಕ್ತಾಬಾಯಿಗಿ ಯಾರ್ ಹೇಳಬೇಕು, ಮುನಶಿ?"