ಒಪ್ಪಿಗೆಯಿಲ್ಲದ ದನಿ

ನಮ್ಮಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಗಂಟಲಿಗೆ ಕ್ಯಾನ್ಸರ್ ಬಂದು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅದಕ್ಕೆ ಮುಂಚೆ ನಾನು ಅವನ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಒಂದು ಸಾಫ್ಟ್‌ವೇರ್ ಬರೆದೆ. ಅವನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದನ್ನು ಅದು ಅವನದೇ ಒರಟು ದನಿಯಲ್ಲಿ ಹೇಳುತ್ತಿತ್ತು. ಕಣ್ಣು ಕಾಣದ ಅಮ್ಮನಿಗೆ ಆಪರೇಷನ್ ವಿಷಯ ನಾವು ಹೇಳಿರಲೇ ಇಲ್ಲ. ಅವಳ ಪಾಲಿಗೆ ಮಗ ಮೊದಲಿನಂತೆಯೇ ಇದ್ದ.

ಆವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಿ ಎದ್ದಿತು. ‘ಅಪರಿಚಿತರು ತಯಾರಿಸಿದ ಸಾಫ್ಟ್‌ವೇರ್. ನಿಮ್ಮ ಸುರಕ್ಷತೆಗಾಗಿ ತೆಗೆದುಹಾಕಲಾಗಿದೆ.’ ಒಡಹುಟ್ಟಿದ ನಾನು ಅಪರಿಚಿತಳಂತೆ! ಮತ್ತೆ ಹಾಕಲು ಹೋದರೆ ಬಿಡಲಿಲ್ಲ. ಒಳಗಿಂದ ಅಮ್ಮ ಅಣ್ಣನನ್ನು ಕರೆಯುತ್ತಲೇ ಇದ್ದಳು. ನಾವು ಕಳ್ಳರ ಹಾಗೆ ಮನೆಯಿಂದ ಜಾರಿಕೊಂಡೆವು.

ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿದವನೊಬ್ಬ ಕೂತಿದ್ದ.

“ಕಂಪನಿ ಒಪ್ಪದೇ ಇರೋದನ್ನ ಹಾಕೋಕೆ ಬರಲ್ಲ ಮೇಡಂ. ಬೇರೆ ಧ್ವನಿ ಹಾಕಿದೀನಿ ನೋಡಿ, ಎಷ್ಟು ನಯವಾಗಿದೆ.”

“ದುಡ್ಡು ಕೊಟ್ಟು ತಗೊಂಡಿರೋರು ನಾವು. ನಮ್ಮ ಕಂಪ್ಯೂಟರಿಗೆ ಏನು ಹಾಕ್ಕೋಬೇಕು ಅನ್ನೋಕೆ ನೀವ್ಯಾರ್ರೀ?”

“ಎಲ್ಲಾ ನಿಮ್ಮ ಒಳ್ಳೇದಕ್ಕೇ.”

ಅಣ್ಣ ಟಪಟಪ ಟೈಪ್ ಮಾಡಿದ. “ನಿನ್ನ ಹಲ್ಲು ಉದುರಿಸ್ತೀನಿ” ಎಂದು ಹೊಸ ದನಿ ರೇಡಿಯೋದವರ ಹಾಗೆ ನಾಜೂಕಾಗಿ ಹೇಳಿತು. ಟೈನವನು ನಕ್ಕುಬಿಟ್ಟ. ನಗಬಾರದಿತ್ತು. ಅಣ್ಣ ಟೈ ಹಿಡಿದೆಳೆದು ಅವನ ಮುಖವನ್ನು ಗಾಜಿನ ಮೇಜಿಗೆ ಜಜ್ಜಿದ. ಗಾಜು ಒಡೆದು ರಕ್ತ ಚಿಮ್ಮಿತು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಕಾವಲುಗಾರ ಓಡಿಬಂದು ಲಾಠಿಯಿಂದ ಅಣ್ಣನ ಮೊಣಕಾಲಿಗೂ ಮುಖಕ್ಕೂ ಬಾರಿಸಿದ. ನಾನು ಆ ಕಾವಲುಗಾರನ ಕೈ ಕಚ್ಚಿ ಹಿಡಿದೆ. ಅಷ್ಟರಲ್ಲಿ ಅಣ್ಣ ಲ್ಯಾಪ್‌ಟಾಪ್ ಕಸಿದುಕೊಂಡು ಕುಂಟುತ್ತ ಹೊರಗೋಡಿದ. ನಾನು ಬಿಡಿಸಿಕೊಂಡು ಬರುವ ಹೊತ್ತಿಗೆ ಅವನು ಮನೆ ಸೇರಿದ್ದ.

ಅಮ್ಮನ ಕಿರುಚಾಟ ಬೀದಿಗೇ ಕೇಳುತ್ತಿತ್ತು. “ಯಾರೋ ನೀನು? ನನ್ನ ಮಗ ಬರ್ಲಿ, ನಿನ್ನ ಸಿಗಿದು ತೋರಣ ಕಟ್ತಾನೆ!”

ಕುಂಟು ಹೆಜ್ಜೆ, ರಕ್ತದ ವಾಸನೆ, ಕೇಳರಿಯದ ದನಿ. ಮನೆಗೆ ಕಳ್ಳ ನುಗ್ಗಿದ್ದಾನೆ ಎಂದುಕೊಂಡು ಅವಳು ಕಬ್ಬಿಣದ ಸರಳಿನಿಂದ ಹೊಡೆಯುತ್ತಿದ್ದಳು. ಅಣ್ಣ ಗೋಡೆಯ ಬುಡದಲ್ಲಿ ಕುಸಿದಿದ್ದ. ತಲೆ ಒಡೆದಿತ್ತು. ಈರುಳ್ಳಿ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವವನು, ಆ ಏಟುಗಳಿಗೆ ಕೈ ಅಡ್ಡ ಹಿಡಿದಿರಲಿಲ್ಲ.

“ಬಿಡಮ್ಮಾ! ಅಣ್ಣ ಕಣಮ್ಮಾ ಅದು!”

ಸರಳು ಠಣ್ಣೆಂದು ಬಿತ್ತು. ಅಮ್ಮ ಕುಕ್ಕರಿಸಿ ಅವನ ಮುಖ ತಡವಿದಳು. ಊದಿಕೊಂಡು ರಕ್ತ ಮೆತ್ತಿದ ಆ ಮುಖದಲ್ಲಿ ಅವಳ ಬೆರಳುಗಳಿಗೆ ಮಗನ ಗುರುತು ಹತ್ತಲಿಲ್ಲ.

“ನೀನೇನೋ? ಬಾಯಿ ಬಿಡೋ. ಅಮ್ಮಾ ಅಂತ ಒಂದ್ಸಲ ಅನ್ನೋ, ನನ್ನಪ್ಪಾ.”

ಅಣ್ಣ ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡು ಟೈಪ್ ಮಾಡಿದ.

“ಅಮ್ಮಾ” ಎಂದಿತು ಆ ನಯವಾದ ದನಿ.

ಅಮ್ಮ ಚೀರಿ ಅವನ ಮುಖದಿಂದ ಕೈ ಕಿತ್ತುಕೊಂಡಳು. ನೆಲದ ಮೇಲೆ ಸರಳಿಗಾಗಿ ತಡಕಾಡತೊಡಗಿದಳು.